ಚಳಿಯಲ್ಲಿ ನಿಂತ ದೇಶನಿಷ್ಠೆ

ಗೋಡೆಯ ನೆತ್ತಿಯ ಮೇಲೆ ಒಬ್ಬ ಮನುಷ್ಯ ಕುಳಿತಿದ್ದಾನೆ. ಒಂದು ಮಗ್ಗುಲಿಗೆ ಪೂರ್ವ ಬರ್ಲಿನ್, ಇನ್ನೊಂದು ಮಗ್ಗುಲಿಗೆ ಪಶ್ಚಿಮ ಬರ್ಲಿನ್. ಹುಡುಕುದೀಪದ ಬಿಳಿಯ ಬೆಳಕು ಅವನ ಮೈಮೇಲೆ ಬಿದ್ದಿದೆ. ಪಶ್ಚಿಮದ ಕತ್ತಲೆಯೊಳಗಿಂದ ಅವನ ಕಡೆಯವರು ಇತ್ತ ಧುಮುಕೆಂದು ಕೂಗುತ್ತಿದ್ದಾರೆ. ಧುಮುಕಿದರೆ ತಾಯ್ನಾಡು, ಮನೆ, ವಿಶ್ರಾಂತಿಯ ಬಾಳು. ಆತನು ಒಂದು ಗಳಿಗೆ ಅತ್ತ ನೋಡುತ್ತಾನೆ. ಅನಂತರ ಮುಖ ತಿರುಗಿಸಿ, ಏರಿಬಂದ ಗೋಡೆಯನ್ನು ಏರಿಬಂದ ಕಡೆಗೇ ಇಳಿಯತೊಡಗುತ್ತಾನೆ. ಕೆಳಗೆ ಅವನಿಗಾಗಿ ಕಾದಿರುವುವು ಎರಡೇ: ಗುಂಡು ತಿಂದು ಬಿದ್ದ ಒಬ್ಬ ಹೆಣ್ಣುಮಗಳ ದೇಹ, ತನ್ನ ಪಾಲಿನ ಗುಂಡು.

‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ ಎಂಬ ಚಿತ್ರ ಮುಗಿಯುವುದು ಹೀಗೆ. ಅದು ತೆರೆಕಂಡದ್ದು ೧೯೬೫ರ ಡಿಸೆಂಬರಿನಲ್ಲಿ. ನಿರ್ದೇಶಕ ಮಾರ್ಟಿನ್ ರಿಟ್ ಅಮೆರಿಕದವನಾದರೂ ಕಥೆ, ನಟವರ್ಗದ ಬಹುಭಾಗ, ಒಟ್ಟು ವಾತಾವರಣ ಎಲ್ಲವೂ ಇಂಗ್ಲೆಂಡಿನವು. ಆ ದೇಶದ ಚಲಚ್ಚಿತ್ರ ಅಕಾಡೆಮಿಯು ಅದನ್ನು ಅತ್ಯುತ್ತಮ ಬ್ರಿಟಿಷ್ ಚಿತ್ರವೆಂದೇ ಪುರಸ್ಕರಿಸಿತು. ಬಾಳೆಲ್ಲ ತನ್ನ ನಾಡಿಗಾಗಿ ದುಡಿದವನೊಬ್ಬನು, ಆ ನಾಡು ಕೈಚಾಚಿ ಕರೆಯುತ್ತಿರುವಾಗಲೇ ಅದಕ್ಕೆ ಬೆನ್ನು ತಿರುಗಿಸುವುದೇಕೆ? ಅರವತ್ತು ವರ್ಷ ಕಳೆದರೂ ಆ ಪ್ರಶ್ನೆ ಹಳತಾಗಿಲ್ಲ. ಅದನ್ನು ಕುರಿತು ಕೊಂಚ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ಬೇಹುಗಾರರು

ಗೂಢಚಾರನೆಂದೊಡನೆ ಆ ಕಾಲದ ಪ್ರೇಕ್ಷಕರ ಕಣ್ಣಮುಂದೆ ನಿಲ್ಲುತ್ತಿದ್ದವನು ಜೇಮ್ಸ್ ಬಾಂಡ್. ಅದೇ ಡಿಸೆಂಬರಿನಲ್ಲಿಯೇ ‘ಥಂಡರ್‌ಬಾಲ್’ ಎಂಬ ಬಾಂಡ್ ಚಿತ್ರವೂ ಬಿಡುಗಡೆಯಾಯಿತು. ಅಲ್ಲಿ ಸಮುದ್ರ, ಬಿಸಿಲು, ಬಣ್ಣ, ಬೆಡಗು. ನಾಯಕನ ಕೋಟಿನ ಮೇಲೆ ಧೂಳೂ ಕೂರುವುದಿಲ್ಲ, ಮನಸ್ಸಿನ ಮೇಲೆ ಪಾಪಭಾರವೂ ಕೂರುವುದಿಲ್ಲ. ಇಲ್ಲಿಯೋ, ಮಳೆ ನಿಂತ ಮೇಲಿನ ಕೆಸರುಬೀದಿಯ ಬಣ್ಣದಂತಹ ಬೂದುಬಣ್ಣವೊಂದೇ. ದೊಡ್ಡ ಚಿತ್ರಗಳೆಲ್ಲ ವರ್ಣಮಯವಾಗುತ್ತಿದ್ದ ಕಾಲದಲ್ಲಿ ಛಾಯಾಗ್ರಾಹಕ ಆಸ್ವಾಲ್ಡ್ ಮಾರಿಸ್ ಇದನ್ನು ಕಪ್ಪುಬಿಳುಪಿನಲ್ಲಿ ತೆಗೆದನು. ಆದರೆ ಕಪ್ಪು ಬಿಳುಪುಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅವೆರಡರ ನಡುವಣ ಛಾಯೆಗಳು. ಕಥೆಯ ನೀತಿಯೂ ಅದೇ ಛಾಯೆಯದು.

ಸ್ವಾರಸ್ಯವೆಂದರೆ, ಈ ಎರಡು ಲೋಕಗಳೂ ಒಂದೇ ಮನೆಯ ಎರಡು ಕೋಣೆಗಳಂತಿವೆ. ಈ ಚಿತ್ರದ ಚಿತ್ರಕಥೆಯನ್ನು ಬರೆದ ಇಬ್ಬರಲ್ಲಿ ಒಬ್ಬನಾದ ಪಾಲ್ ಡೆನ್, ಅದಕ್ಕೆ ಮುಂಚೆ ೧೯೬೪ರ ‘ಗೋಲ್ಡ್‌ಫಿಂಗರ್’ ಎಂಬ ಬಾಂಡ್ ಚಿತ್ರದ ರಚನೆಯಲ್ಲಿ ಪಾಲುಗೊಂಡಿದ್ದವನು. ಬಾಂಡನಿಗೆ ಆಜ್ಞೆ ಕೊಡುವ ಗಂಭೀರ ಅಧಿಕಾರಿಯಾಗಿ ಜನಪ್ರಿಯನಾಗಿದ್ದ ಬರ್ನಾರ್ಡ್ ಲೀ ಎಂಬ ನಟನು ಇಲ್ಲಿ ಒಬ್ಬ ಬಡಪಾಯಿ ಕಿರಾಣಿ ಅಂಗಡಿಯವನು. ಸಾಲಕ್ಕೆ ಸಾಮಾನು ಕೊಡೆನೆಂದ ತಪ್ಪಿಗೆ ನಾಯಕನ ಕೈಯಲ್ಲಿ ಏಟು ತಿನ್ನುವುದಷ್ಟೇ ಅವನ ಪಾತ್ರ. ಆಜ್ಞಾಪಿಸುವವನ ಮುಖವನ್ನೇ ಏಟು ತಿನ್ನುವವನಿಗೆ ಕೊಟ್ಟಿದ್ದು ಉದ್ದೇಶಪೂರ್ವಕವೋ ಆಕಸ್ಮಿಕವೋ, ನೋಡುವವರಿಗೆ ಅದೊಂದು ಮೂಕ ವ್ಯಂಗ್ಯವಾಗಿ ಒದಗುತ್ತದೆ.

ಕಥೆ ಹುಟ್ಟಿದ ಕಾಲ

ಚಿತ್ರಕ್ಕೆ ಆಧಾರ ಜಾನ್ ಲ ಕಾರೆಯ ಅದೇ ಹೆಸರಿನ ಕಾದಂಬರಿ, ಪ್ರಕಟವಾದದ್ದು ೧೯೬೩ರಲ್ಲಿ. ಲ ಕಾರೆ ಎಂಬುದು ಕಾವ್ಯನಾಮ. ನಿಜನಾಮ ಡೇವಿಡ್ ಕಾರ್ನ್‌ವೆಲ್. ವೃತ್ತಿ, ಬಾನ್ ನಗರದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಹೆಸರಿಗೆ ರಾಜತಂತ್ರಜ್ಞ, ಒಳಗೆ ಗುಪ್ತಚಾರ. ೧೯೬೧ರ ಆಗಸ್ಟ್ ೧೩ರಂದು ಬರ್ಲಿನ್ ನಗರದ ಎದೆಯ ಮೇಲೆ ಮುಳ್ಳುತಂತಿ ಹರಡಿ, ಬೇಗನೆ ಅದು ಗೋಡೆಯಾಗಿ ಎದ್ದುನಿಂತಾಗ ಆತನು ಅದನ್ನು ಕಣ್ಣಾರೆ ಕಂಡನು. ಆ ಗೋಡೆಯ ಬಳಿ ಮುಂದಿನ ಇಪ್ಪತ್ತೆಂಟು ವರ್ಷಗಳಲ್ಲಿ ಕನಿಷ್ಠ ೧೪೦ ಮಂದಿ ಪ್ರಾಣ ಕಳೆದುಕೊಂಡರೆಂದು ಅನಂತರದ ಸಂಶೋಧನೆ ಲೆಕ್ಕಹಾಕಿದೆ. ೧೯೬೨ರ ಆಗಸ್ಟಿನಲ್ಲಿ ಪೀಟರ್ ಫೆಷ್ಟರ್ ಎಂಬ ಹದಿನೆಂಟು ವಯಸ್ಸಿನ ತರುಣನು ಗುಂಡೇಟು ತಿಂದು ಗೋಡೆಯ ಬುಡದಲ್ಲಿ ಬಿದ್ದು, ಸುಮಾರು ಒಂದು ಗಂಟೆಯ ಕಾಲ ನೆತ್ತರು ಸುರಿಸುತ್ತ ಕೂಗಿಕೊಂಡನು. ಎರಡು ಕಡೆಯವರೂ ನೋಡುತ್ತ ನಿಂತಿದ್ದರು. ಚಿತ್ರದ ಕೊನೆಯ ದೃಶ್ಯವನ್ನು ಅಂದು ನೋಡಿದವರಿಗೆ ಅದು ಬರಿಯ ಕಲ್ಪನೆಯೆನಿಸಿರಲಾರದು.

ಗೋಡೆ ಕಣ್ಣಿಗೆ ಕಾಣುವ ಬಿರುಕು; ಕಾಣದ ಬಿರುಕುಗಳು ಇನ್ನೂ ಆಳದವು. ಬ್ರಿಟಿಷ್ ಗುಪ್ತಚಾರ ಇಲಾಖೆಯ ಅಧಿಕಾರಿ ಜಾರ್ಜ್ ಬ್ಲೇಕ್ ಸೋವಿಯತ್ ಒಕ್ಕೂಟಕ್ಕೆ ದುಡಿಯುತ್ತಿದ್ದುದು ೧೯೬೧ರಲ್ಲಿ ಹೊರಬಿದ್ದು ಅವನಿಗೆ ೪೨ ವರ್ಷಗಳ ಸೆರೆ ವಿಧಿಸಲಾಯಿತು. ಐದು ವರ್ಷ ಕಳೆದ ಮೇಲೆ, ೧೯೬೬ರಲ್ಲಿ, ಆತನು ಲಂಡನ್ನಿನ ಸೆರೆಮನೆಯಿಂದಲೇ ತಪ್ಪಿಸಿಕೊಂಡು ಹೋದನು. ೧೯೬೩ರ ಜನವರಿಯಲ್ಲಿ ಕಿಮ್ ಫಿಲ್ಬಿ ಬೇರೂತಿನಿಂದ ಕಣ್ಮರೆಯಾಗಿ ಮಾಸ್ಕೋದಲ್ಲಿ ಕಾಣಿಸಿಕೊಂಡನು. ಒಮ್ಮೆ ಸೋವಿಯತ್ ವಿರುದ್ಧದ ಬೇಹುಗಾರಿಕೆಗೇ ಮುಖ್ಯಸ್ಥನಾಗಿದ್ದವನು ಅವನು! ಪಶ್ಚಿಮ ಜರ್ಮನಿಯಲ್ಲಿಯೂ ಇದೇ ಕಥೆ: ಹಿಟ್ಲರನ ಎಸ್.ಎಸ್. ಪಡೆಯಲ್ಲಿದ್ದ ಹೈನ್ಸ್ ಫೆಲ್ಫೆಯು ಯುದ್ಧಾನಂತರ ಅಲ್ಲಿಯ ಗುಪ್ತಚಾರ ಇಲಾಖೆಯಲ್ಲಿ ಮೇಲಿನ ಸ್ಥಾನ ಪಡೆದು, ಸೋವಿಯತ್ ಬೇಹುಗಾರನೆಂದು ೧೯೬೧ರ ನವೆಂಬರಿನಲ್ಲಿ ಸಿಕ್ಕಿಬಿದ್ದನು. ಯಾರು ಯಾರವರು ಎಂಬುದೇ ತಿಳಿಯದ ಕಾಲ ಅದು. ಅಂತಹ ಕಾಲದ ಹೊಟ್ಟೆಯಲ್ಲಿ ಹುಟ್ಟಿತು ಈ ಕಥೆ.

ಕಥೆಯ ಎಳೆ

ಅಲೆಕ್ ಲೀಮಾಸ್ ಬರ್ಲಿನ್ನಿನಲ್ಲಿ ಬ್ರಿಟಿಷ್ ಬೇಹುಗಾರಿಕೆಯ ಮುಖ್ಯಸ್ಥ. ಅವನ ಜನರನ್ನೆಲ್ಲ ಪೂರ್ವ ಜರ್ಮನಿಯ ಗುಪ್ತಚಾರ ಇಲಾಖೆಯ ಮುಂಟ್ ಎಂಬಾತನು ಒಬ್ಬೊಬ್ಬರಾಗಿ ಕೊಲ್ಲಿಸಿದ್ದಾನೆ. ಉಳಿದಿದ್ದ ಕೊನೆಯವನೂ ಗಡಿಠಾಣೆಯ ಬಳಿ, ಬೈಸಿಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದಾಗ, ಲೀಮಾಸನ ಕಣ್ಣೆದುರಿಗೇ ಗುಂಡಿಗೆ ಬಲಿಯಾಗುತ್ತಾನೆ. ಲಂಡನ್ನಿಗೆ ಮರಳಿದ ಅವನಿಗೆ ‘ಕಂಟ್ರೋಲ್’ ಎಂಬ ಹೆಸರಿನಿಂದಲೇ ಕರೆಯಲ್ಪಡುವ ಹಿರಿಯ ಅಧಿಕಾರಿ ಒಂದು ಕೊನೆಯ ಕೆಲಸ ಒಪ್ಪಿಸುತ್ತಾನೆ. ಇಲಾಖೆ ಅವನನ್ನು ಕಸದಂತೆ ಎಸೆದಿದೆಯೆಂದು ಲೋಕ ನಂಬಬೇಕು. ಅವನು ಕುಡಿದು ಕೆಡಬೇಕು, ಸೆರೆಮನೆ ಕಾಣಬೇಕು. ಆಗ ಎದುರುಪಕ್ಷದವರು ಅವನನ್ನು ಕೊಳ್ಳಲು ಬರುತ್ತಾರೆ. ಅವನು ಮಾರಾಟವಾದಂತೆ ನಟಿಸಿ, ಮುಂಟನೇ ಬ್ರಿಟಿಷರ ಬೇಹುಗಾರನೆಂಬ ಸಂಶಯ ಹುಟ್ಟುವಂತೆ ಮಾತುಗಳನ್ನು ಉದುರಿಸಬೇಕು. ಮುಂಟನ ಕೈಕೆಳಗಿನ ಫೀಡ್ಲರ್ ಮೊದಲೇ ಅವನನ್ನು ಸಂಶಯಿಸುತ್ತಿದ್ದಾನೆ. ಉಳಿದುದನ್ನು ಅವನೇ ನೋಡಿಕೊಳ್ಳುತ್ತಾನೆ. ‘ಚಳಿಯಲ್ಲಿ ನಿಲ್ಲುವುದು’ ಎಂದರೆ ಇದು: ರಕ್ಷಣೆಯಿಲ್ಲದೆ, ಹೆಸರಿಲ್ಲದೆ, ಒಲೆಯ ಬಿಸಿಯಿಲ್ಲದೆ ಹೊರಗಿರುವುದು.

ಲೀಮಾಸ್ ಕೆಡುವ ಪಾತ್ರವನ್ನು ಕೆಟ್ಟೇ ನಿರ್ವಹಿಸುತ್ತಾನೆ. ಒಂದು ಸಣ್ಣ ಪುಸ್ತಕಾಲಯದಲ್ಲಿ ಕೆಲಸಕ್ಕೆ ಸೇರುತ್ತಾನೆ. ಅಲ್ಲಿ ನ್ಯಾನ್ ಪೆರಿ ಎಂಬ ತರುಣಿಯ ಪರಿಚಯವಾಗುತ್ತದೆ. ಆಕೆ ಕಮ್ಯೂನಿಸ್ಟ್ ಪಕ್ಷದ ಸದಸ್ಯೆ. ಲೋಕ ಒಳ್ಳೆಯದಾಗಬಹುದೆಂದು ಸರಳವಾಗಿ ನಂಬಿದವಳು. ಯಾವುದನ್ನೂ ನಂಬದ ಅವನಿಗೂ, ಎಲ್ಲವನ್ನೂ ನಂಬುವ ಅವಳಿಗೂ ಪ್ರೇಮ ಬೆಳೆಯುತ್ತದೆ. ತನ್ನ ಯೋಜನೆಯಲ್ಲಿ ಆಕೆಗೆ ಪಾಲಿಲ್ಲವೆಂದು ಲೀಮಾಸ್ ತಿಳಿದಿದ್ದಾನೆ. ಮುಂದೆ ಪೂರ್ವ ಜರ್ಮನಿಯ ಗುಪ್ತ ನ್ಯಾಯಮಂಡಲಿಯೆದುರು ಮುಂಟನ ವಿಚಾರಣೆ ನಡೆದಾಗ, ಬಾಗಿಲು ತೆರೆದು ಸಾಕ್ಷಿಯಾಗಿ ಒಳಬರುವವಳು ಆಕೆಯೇ. ಏನೂ ಅರಿಯದ ಆಕೆ ಸತ್ಯವನ್ನೇ ನುಡಿಯುತ್ತಾಳೆ. ಲೀಮಾಸನ ಕಡೆಯವರು ತನ್ನನ್ನು ನೋಡಲು ಬಂದಿದ್ದರೆನ್ನುತ್ತಾಳೆ. ಅಲ್ಲಿಗೆ ಲೀಮಾಸನ ವೇಷ ಕಳಚುತ್ತದೆ. ಮುಂಟ್ ನಿರಪರಾಧಿಯೆನಿಸಿಕೊಂಡು ಎದ್ದುಹೋಗುತ್ತಾನೆ, ಫೀಡ್ಲರ್ ದ್ರೋಹಿಯೆನಿಸಿಕೊಳ್ಳುತ್ತಾನೆ.

ಆ ಗಳಿಗೆಯಲ್ಲಿ ಲೀಮಾಸನ ಮುಖದ ಮೇಲೆ ಸತ್ಯ ಮೂಡುತ್ತದೆ. ಮುಂಟ್ ನಿಜವಾಗಿಯೂ ಲಂಡನ್ನಿನ ಮನುಷ್ಯ. ಲೀಮಾಸನನ್ನು ಕಳುಹಿಸಿದ್ದು ಅವನನ್ನು ಕೆಡವುವುದಕ್ಕಲ್ಲ, ಕಾಪಾಡುವುದಕ್ಕೆ. ಫೀಡ್ಲರನ ಸಂಶಯ ನಿಜವಾಗಿದ್ದುದರಿಂದಲೇ ಫೀಡ್ಲರ್ ಸಾಯಬೇಕಾಯಿತು.

ರಹಸ್ಯ ಯಾರಿಂದ?

ಈ ತಿರುವನ್ನು ಬರಿಯ ಕಥಾಚಾತುರ್ಯವೆಂದು ಮೆಚ್ಚಿ ಸುಮ್ಮನಾಗುವುದು ಸುಲಭ. ಆದರೆ ಇಲ್ಲಿಯೇ ಚಿತ್ರದ ತಿರುಳು ಅಡಗಿದೆ. ಸರ್ಕಾರದ ರಹಸ್ಯವೆಂದರೆ ಶತ್ರುವಿನಿಂದ ಮುಚ್ಚಿಡತಕ್ಕ ಸಂಗತಿಯೆಂದು ನಾವೆಲ್ಲ ಭಾವಿಸುತ್ತೇವೆ. ಈ ಕಥೆಯಲ್ಲಿ ಮುಚ್ಚಿಟ್ಟ ಅತಿಮುಖ್ಯ ಸಂಗತಿಯನ್ನು ಶತ್ರುಪಾಳೆಯದ ಮುಂಟ್ ಬಲ್ಲ, ಲಂಡನ್ನಿನ ಕಂಟ್ರೋಲ್ ಬಲ್ಲ. ಅರಿಯದವನು ಲೀಮಾಸ್ ಒಬ್ಬನೇ. ಅಂದರೆ, ಅದಕ್ಕಾಗಿ ಪ್ರಾಣವನ್ನೇ ಪಣವಾಗಿಟ್ಟವನು. ಅವನು ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳಿದುದೆಲ್ಲ ಸತ್ಯವಾಗಿತ್ತು. ಸತ್ಯವೆಂದು ನಂಬಿ ಹೊರಟುದೆಲ್ಲ ಸುಳ್ಳಾಗಿತ್ತು. ಅವನ ಅಜ್ಞಾನವೇ ಇಲಾಖೆಯ ಆಯುಧ. ಅವನು ತಿಳಿದವನಾಗಿದ್ದರೆ ಅಷ್ಟು ಚೆನ್ನಾಗಿ ದ್ವೇಷಿಸಲಾರದವನಾಗುತ್ತಿದ್ದ; ಅಷ್ಟು ಚೆನ್ನಾಗಿ ನಟಿಸಲೂ ಆಗುತ್ತಿರಲಿಲ್ಲ.

ದೇಶಭಕ್ತಿಯ ಭ್ರಮನಿರಸನವೆಂದರೆ ಸಾಮಾನ್ಯವಾಗಿ ನಾವು ಊಹಿಸುವುದು, ತನ್ನ ದೇಶ ಕೆಟ್ಟ ಕೆಲಸ ಮಾಡಿತೆಂದು ಒಬ್ಬನಿಗೆ ತಿಳಿಯುವುದನ್ನು. ಲೀಮಾಸನಿಗೆ ಅದು ಹೊಸದಲ್ಲ. ಕೆಟ್ಟ ಕೆಲಸವೇ ಅವನ ಕಸುಬು. ಮೊದಲ ಭೇಟಿಯಲ್ಲಿ ಕಂಟ್ರೋಲ್ ಚಹಾದ ಬಟ್ಟಲು ಹಿಡಿದು ಮೃದುವಾದ ದನಿಯಲ್ಲಿ ಒಂದು ತರ್ಕ ಹೂಡುತ್ತಾನೆ: ನಮ್ಮ ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ನಮ್ಮ ಉಪಾಯಗಳು ಎದುರಾಳಿಯವಕ್ಕಿಂತ ಕೋಮಲವಾಗಿರುವುದು ಸಾಧ್ಯವಿಲ್ಲ ಎಂದು. ಲೀಮಾಸ್ ಅದನ್ನು ಅಲ್ಲಗಳೆಯುವುದಿಲ್ಲ. ನ್ಯಾಯವಾಗಿ ನೋಡಿದರೆ ನಾವೂ ಥಟ್ಟನೆ ಅಲ್ಲಗಳೆಯುವಂತಿಲ್ಲ. ಮುಂಟನಂಥವನೊಬ್ಬ ಶತ್ರುವಿನ ಮನೆಯ ನಡುಗಂಬವಾಗಿ ನಿಂತಿದ್ದರೆ ಅವನಿಂದ ಬರುವ ಸುದ್ದಿ ಎಷ್ಟು ಜನರ ಪ್ರಾಣ ಉಳಿಸಬಹುದೋ! ಈ ವಾದಕ್ಕೆ ಅದರ ತೂಕವನ್ನು ಕೊಟ್ಟಿರುವುದು ಚಿತ್ರದ ಪ್ರಾಮಾಣಿಕತೆ. ಕಂಟ್ರೋಲನ ಪಾತ್ರದಲ್ಲಿ ಸಿರಿಲ್ ಕ್ಯೂಸಕ್ ಎಲ್ಲಿಯೂ ಖಳನಂತೆ ನಡೆದುಕೊಳ್ಳುವುದಿಲ್ಲ. ಒಳ್ಳೆಯ ಮನೆತನದ, ಸ್ವಲ್ಪ ನೆಗಡಿ ಹಿಡಿದ ಉಪಾಧ್ಯಾಯನಂತಿದ್ದಾನೆ. ಅದರಿಂದಲೇ ಅವನು ಭಯ ಹುಟ್ಟಿಸುತ್ತಾನೆ.

ಲೀಮಾಸನನ್ನು ಮುರಿಯುವುದು ಇನ್ನೊಂದು ಸಂಗತಿ. ಕಾದಂಬರಿಯಲ್ಲಿ ಮುಂಟ್ ಹಿಟ್ಲರನ ಯುವಪಡೆಯಲ್ಲಿ ಬೆಳೆದು ಬಂದ, ಯಹೂದ್ಯರನ್ನು ದ್ವೇಷಿಸುವ ಮನುಷ್ಯ. ಫೀಡ್ಲರ್ ಯಹೂದ್ಯ, ತನ್ನ ತತ್ತ್ವವನ್ನು ನಿಜವಾಗಿ ನಂಬಿದವನು. ಅಲ್ಲಿ ಲಿಜ್ ಗೋಲ್ಡ್ ಎಂಬ ಹೆಸರಿನ ನಾಯಿಕೆಯೂ ಯಹೂದ್ಯಳೇ. ಯಾವ ಪೈಶಾಚಿಕತೆಯನ್ನು ಸೋಲಿಸಿದೆನೆಂದು ಇಂಗ್ಲೆಂಡು ಹೆಮ್ಮೆಪಡುತ್ತಿತ್ತೋ, ಅದರ ಒಂದು ಚೂರನ್ನು ಕಾಪಾಡಿಕೊಳ್ಳಲು ಅದು ಇಬ್ಬರು ಯಹೂದ್ಯರನ್ನು ತೆತ್ತಿತು. ಯುದ್ಧ ಮುಗಿದು ಇಪ್ಪತ್ತು ವರ್ಷವೂ ಆಗಿರದ ಕಾಲದಲ್ಲಿ ಇದನ್ನು ಬರೆಯಲು ಎದೆಗಾರಿಕೆ ಬೇಕಾಗಿತ್ತು.

ಚಾಣಕ್ಯನ ನೆರಳು

ಈ ತಂತ್ರ ಹೊಸದೇನಲ್ಲವೆಂದು ನಮ್ಮ ಸಾಹಿತ್ಯ ಬಲ್ಲವರಿಗೆ ಹೊಳೆಯದಿರದು. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಚಾಣಕ್ಯನು ಮಾಡುವುದೂ ಇದನ್ನೇ. ನಂದರಿಗೆ ನಿಷ್ಠನಾದ ಅಮಾತ್ಯ ರಾಕ್ಷಸನ ಸುತ್ತ ಅವನು ತನ್ನ ಚಾರರನ್ನು ಮಿತ್ರರ ವೇಷದಲ್ಲಿ ನಿಲ್ಲಿಸುತ್ತಾನೆ. ರಾಕ್ಷಸನದೇ ಮುದ್ರೆಯೊತ್ತಿದ ಕೃತ್ರಿಮ ಪತ್ರವೊಂದನ್ನು ಹುಟ್ಟಿಸುತ್ತಾನೆ. ಅದನ್ನು ನಂಬಿ ಮಲಯಕೇತು ತನ್ನ ಪಾಲಿಗೆ ಅತ್ಯಂತ ನಿಷ್ಠನಾಗಿದ್ದ ರಾಕ್ಷಸನನ್ನೇ ದ್ರೋಹಿಯೆಂದು ಹೊರದೂಡುತ್ತಾನೆ. ಶತ್ರುವಿನ ಕೈಯಿಂದಲೇ ಶತ್ರುವಿನ ಪ್ರಾಮಾಣಿಕ ಸೇವಕನನ್ನು ನಾಶಮಾಡಿಸುವ ಉಪಾಯ. ಫೀಡ್ಲರನಿಗೆ ಆದದ್ದು ಇದೇ. ೧೮೨೩ರಲ್ಲಿಯೇ ಕೆಂಪುನಾರಾಯಣನು ‘ಮುದ್ರಾಮಂಜೂಷ’ದ ಮೂಲಕ ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದುಕೊಟ್ಟಿದ್ದರಿಂದ ನಮಗೆ ಇದು ದೂರದ ಮಾತಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ‘ಉಭಯವೇತನ’ರೆಂಬ ಚಾರರ ಮಾತು ಬರುತ್ತದೆ. ಎರಡು ಕಡೆಯೂ ಸಂಬಳ ತಿನ್ನುವವರು ಅವರು. ಅವರ ಹೆಂಡಿರು ಮಕ್ಕಳನ್ನು ರಾಜನು ತನ್ನ ವಶದಲ್ಲಿಟ್ಟುಕೊಂಡಿರಬೇಕೆಂದು ಶಾಸ್ತ್ರಕಾರನ ಕಟ್ಟಳೆ. ಮನುಷ್ಯನು ನಂಬುಗೆಗೆ ಯೋಗ್ಯನಲ್ಲ, ಅವನ ಪ್ರೀತಿ ಮಾತ್ರ ಒತ್ತೆಯಿಡಲು ಯೋಗ್ಯ ಎಂಬುದು ಅದರ ಒಳ ಅರ್ಥ. ನ್ಯಾನ್ ಪೆರಿಯನ್ನು ಲಂಡನ್ನಿನವರು ಬಳಸಿಕೊಂಡುದು ಇದೇ ಲೆಕ್ಕಾಚಾರದಿಂದ.

ಆದರೆ ಎರಡು ಕೃತಿಗಳ ಮುಕ್ತಾಯ ಬೇರೆ. ರಾಕ್ಷಸನು ತನಗಾಗಿ ಶೂಲಕ್ಕೇರಲು ಸಿದ್ಧನಾದ ಗೆಳೆಯ ಚಂದನದಾಸನನ್ನು ಉಳಿಸಲು ಬಂದು ಶರಣಾಗುತ್ತಾನೆ. ಚಾಣಕ್ಯನು ಆ ಗೆಳೆತನಕ್ಕೆ ತಲೆಬಾಗಿ ಅವನಿಗೆ ಮಂತ್ರಿಪದವಿಯನ್ನೇ ಒಪ್ಪಿಸುತ್ತಾನೆ. ದಾರಿಯಲ್ಲಿ ಬಿದ್ದ ಹೆಣಗಳೇನೋ ಬಿದ್ದಿವೆ; ಆದರೂ ಕೊನೆಯಲ್ಲಿ ಸ್ನೇಹಕ್ಕೆ ರಾಜ್ಯದೊಳಗೊಂದು ಪೀಠ ಸಿಗುತ್ತದೆ. ಲೀಮಾಸನ ರಾಜ್ಯದಲ್ಲಿ ಆ ಪೀಠ ಇಲ್ಲ. ಅವನು ಮುಂಟನ ಏರ್ಪಾಡಿನಂತೆ ನ್ಯಾನಳೊಡನೆ ಗೋಡೆಯವರೆಗೆ ಬರುತ್ತಾನೆ, ಏರುತ್ತಾನೆ, ಕೈನೀಡಿ ಆಕೆಯನ್ನು ಮೇಲೆಳೆಯುತ್ತಾನೆ. ಆಗ ಗುಂಡು ಹಾರುತ್ತದೆ. ಆಕೆ ಬಹಳ ತಿಳಿದುಕೊಂಡುಬಿಟ್ಟಿದ್ದಳು. ಲೀಮಾಸನನ್ನು ಉಳಿಸುವುದು ಒಪ್ಪಂದ. ಆಕೆಯನ್ನು ಉಳಿಸುವುದು ಒಪ್ಪಂದದಲ್ಲಿ ಇರಲಿಲ್ಲ.

ಕಾನೂನಿನ ಗೋಡೆ

ಇದು ಕಥೆಯಷ್ಟೇ ಅಲ್ಲವೆಂಬುದಕ್ಕೆ ಇಂಗ್ಲೆಂಡಿನ ಶಾಸನಗಳೇ ಸಾಕ್ಷಿ. ಚಿತ್ರ ತೆರೆಕಂಡ ಕಾಲದಲ್ಲಿ ಲೀಮಾಸನು ದುಡಿಯುತ್ತಿದ್ದಂತಹ ಇಲಾಖೆ ಇದೆಯೆಂದು ಸರ್ಕಾರ ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಪಾರ್ಲಿಮೆಂಟಿನಲ್ಲಿ ಅದನ್ನು ಅಧಿಕೃತವಾಗಿ ಒಪ್ಪಿಕೊಂಡುದು ೧೯೯೨ರಲ್ಲಿ. ಅದಕ್ಕೊಂದು ಶಾಸನದ ಆಧಾರ ದೊರೆತದ್ದು ೧೯೯೪ರಲ್ಲಿ. ಮಾಸ್ಕೋ ಅದನ್ನು ಚೆನ್ನಾಗಿ ಬಲ್ಲುದಾಗಿತ್ತು; ತಿಳಿಯದಂತಿರಬೇಕಾದವರು ತೆರಿಗೆ ತೆರುವ ಇಂಗ್ಲಿಷ್ ಜನರು. ೧೯೧೧ರ ಅಧಿಕೃತ ರಹಸ್ಯಗಳ ಕಾಯಿದೆ ಜರ್ಮನ್ ಬೇಹುಗಾರರ ಭೀತಿಯಲ್ಲಿ ಅವಸರವಸರವಾಗಿ ಹುಟ್ಟಿದ್ದು. ಅದರ ಎರಡನೆಯ ವಿಧಿಯಂತೆ ಅನುಮತಿಯಿಲ್ಲದೆ ಕಚೇರಿಯ ಯಾವ ಸಂಗತಿಯನ್ನು ಹೊರಗೆ ಹೇಳಿದರೂ ಅಪರಾಧವಾಗಬಹುದಾಗಿತ್ತು.

ಆ ವಿಧಿಯ ಕೆಳಗೆ ೧೯೮೫ರಲ್ಲಿ ನಡೆದ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಫಾಕ್ಲೆಂಡ್ ಯುದ್ಧದಲ್ಲಿ ‘ಜನರಲ್ ಬೆಲ್ಗ್ರಾನೊ’ ಎಂಬ ಆರ್ಜೆಂಟೀನಾದ ಯುದ್ಧನೌಕೆಯನ್ನು ಮುಳುಗಿಸಿದಾಗ ೩೨೩ ಮಂದಿ ಸತ್ತರು. ಅದರ ಬಗೆಗೆ ಸರ್ಕಾರ ಪಾರ್ಲಿಮೆಂಟಿಗೆ ಪೂರ್ಣ ಸತ್ಯ ಹೇಳುತ್ತಿಲ್ಲವೆಂದು ಕಂಡ ರಕ್ಷಣಾ ಇಲಾಖೆಯ ಅಧಿಕಾರಿ ಕ್ಲೈವ್ ಪಾಂಟಿಂಗ್ ಕಾಗದಪತ್ರಗಳನ್ನು ಒಬ್ಬ ಸದಸ್ಯರಿಗೆ ಕಳುಹಿಸಿದನು. ರಾಜ್ಯದ ಹಿತವೆಂದರೆ ಆ ಹೊತ್ತಿನ ಸರ್ಕಾರ ಯಾವುದನ್ನು ಹಿತವೆನ್ನುತ್ತದೋ ಅದೇ ಎಂಬರ್ಥದಲ್ಲಿ ನ್ಯಾಯಾಧೀಶರು ಪಂಚರಿಗೆ ತಿಳಿಯಹೇಳಿದರು. ಪಂಚರು ಅದನ್ನು ಕೇಳಿಕೊಂಡು, ಪಾಂಟಿಂಗ್ ನಿರಪರಾಧಿಯೆಂದು ತೀರ್ಪಿತ್ತರು. ಹನ್ನೆರಡು ಮಂದಿ ಸಾಮಾನ್ಯರು ದೇಶ ಬೇರೆ, ಸರ್ಕಾರ ಬೇರೆ ಎಂದು ಸಾರಿದ ದಿನ ಅದು. ಸರ್ಕಾರ ಸುಮ್ಮನಿರಲಿಲ್ಲ: ೧೯೮೯ರ ಹೊಸ ಕಾಯಿದೆಯಲ್ಲಿ ಸಾರ್ವಜನಿಕ ಹಿತಕ್ಕಾಗಿ ಹೇಳಿದೆನೆಂಬ ಸಮರ್ಥನೆಗೆ ಎಡೆಗೊಡಲಿಲ್ಲ. ೨೦೦೩ರಲ್ಲಿ ಇರಾಕ್ ಯುದ್ಧಕ್ಕೆ ಮುಂಚೆ, ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಸದಸ್ಯ ರಾಷ್ಟ್ರಗಳ ಮಾತುಕತೆಗಳನ್ನು ಕದ್ದಾಲಿಸಬೇಕೆಂಬ ಅಮೆರಿಕದ ಕೋರಿಕೆಯನ್ನು ಕ್ಯಾಥರೀನ್ ಗನ್ ಎಂಬ ಭಾಷಾಂತರಕಾರ್ತಿ ಹೊರಗೆಡಹಿದಾಗಲೂ ಅದೇ ಕಾಯಿದೆ ಎದುರುನಿಂತಿತು. ೨೦೦೪ರ ಫೆಬ್ರವರಿಯಲ್ಲಿ ಸರ್ಕಾರವೇ ಮೊಕದ್ದಮೆ ಕೈಬಿಟ್ಟಿತು. ೨೦೧೯ರ ‘ಅಫಿಷಿಯಲ್ ಸೀಕ್ರೆಟ್ಸ್’ ಚಿತ್ರದ ಕಥೆ ಇದೇ. ಅಲ್ಲಿ ಆಕೆಯ ನಿಲುವು ಸ್ಪಷ್ಟ: ತಾನು ದುಡಿಯುವುದು ಸರ್ಕಾರಕ್ಕಲ್ಲ, ಜನಕ್ಕೆ.

ನಮಗೂ ಆ ಕಾಯಿದೆಯ ಬಳುವಳಿಯಿದೆ. ಬ್ರಿಟಿಷರು ೧೯೨೩ರಲ್ಲಿ ಭಾರತಕ್ಕೆಂದು ಮಾಡಿದ ಅಧಿಕೃತ ರಹಸ್ಯಗಳ ಕಾಯಿದೆ, ಅವರು ಹೋದಮೇಲೂ ನಮ್ಮಲ್ಲಿ ಉಳಿದುಕೊಂಡಿದೆ. ಬಹಿರಂಗಪಡಿಸುವುದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತವೇ ಹೆಚ್ಚಿನದಾದರೆ ಆ ಕಾಯಿದೆಯನ್ನೂ ಮೀರಿ ಮಾಹಿತಿ ಕೊಡಬಹುದೆಂದು ೨೦೦೫ರ ಮಾಹಿತಿ ಹಕ್ಕು ಕಾಯಿದೆ ಒಂದು ಕಿಂಡಿಯನ್ನು ತೆರೆದಿದೆ. ರಹಸ್ಯ ಯಾರಿಂದ ಎಂಬ ಪ್ರಶ್ನೆಯನ್ನು ಪರದೇಶದ ಚಿತ್ರವೊಂದರ ಪ್ರಶ್ನೆಯೆಂದು ಬದಿಗಿಡುವ ಸೌಕರ್ಯ ನಮಗಿಲ್ಲ.

ಉಳಿದ ನಿಷ್ಠೆ

ಪಾಂಟಿಂಗ್ ಮಾತನಾಡಿದನು, ಗನ್ ಮಾತನಾಡಿದಳು. ಲೀಮಾಸ್ ಯಾರಿಗೂ ಏನನ್ನೂ ಹೊರಗೆಡಹುವುದಿಲ್ಲ. ಗೋಡೆಯ ಕಡೆಗೆ ಓಡುವ ಕಾರಿನಲ್ಲಿ ನ್ಯಾನ್ ಅವನನ್ನು ಹಿಡಿದು ಕೇಳಿದಾಗ ಮಾತ್ರ ಅವನ ಕಟ್ಟೆ ಒಡೆಯುತ್ತದೆ. ಬೇಹುಗಾರರೆಂದರೆ ಧರ್ಮಾಧರ್ಮ ತೂಗುವ ಋಷಿಗಳೆಂದುಕೊಂಡೆಯಾ ಎಂದು ಅವಳನ್ನೇ ಅಣಕಿಸುತ್ತ, ತನ್ನನ್ನೂ ಸೇರಿಸಿ ತನ್ನ ಕಸುಬಿನವರೆಲ್ಲರನ್ನೂ ಕ್ಷುದ್ರರ ಸಾಲಿಗೆ ಸೇರಿಸಿಬಿಡುತ್ತಾನೆ. ವಿಶೇಷವೆಂದರೆ, ಆ ಮಾತುಗಳಲ್ಲಿ ಅವನು ಇಲಾಖೆಯನ್ನು ಸಮರ್ಥಿಸಿಯೇ ಮಾತನಾಡುತ್ತಿದ್ದಾನೆ! ಬುದ್ಧಿ ಇನ್ನೂ ಕಂಟ್ರೋಲನ ಕಡೆಗಿದೆ. ದನಿ ಮಾತ್ರ ಮುರಿದಿದೆ. ರಿಚರ್ಡ್ ಬರ್ಟನ್ನನ ಅಭಿನಯದ ಶಿಖರ ಇದು. ರಂಗಭೂಮಿಯಲ್ಲಿ ಷೇಕ್ಸ್‌ಪಿಯರನ ರಾಜರ ಪಾತ್ರಗಳಲ್ಲಿ ಮೊಳಗಿದ ಆ ಕಂಠವನ್ನು ಅವನು ಚಿತ್ರದುದ್ದಕ್ಕೂ ಅದುಮಿಟ್ಟು, ಇಲ್ಲಿ ಮಾತ್ರ ಬಿಡುತ್ತಾನೆ. ಫೀಡ್ಲರನಾಗಿ ಆಸ್ಕರ್ ವೆರ್ನರ್ ಅವನಿಗೆ ಸರಿಸಮನಾಗಿ ನಿಲ್ಲುತ್ತಾನೆ. ‘ನೀವು ಯಾವುದಕ್ಕಾಗಿ ಹೋರಾಡುತ್ತೀರಿ’ ಎಂಬರ್ಥದ ಪ್ರಶ್ನೆಯನ್ನು ಫೀಡ್ಲರ್ ಮತ್ತೆ ಮತ್ತೆ ಕೇಳುತ್ತಾನೆ, ಲೀಮಾಸನಲ್ಲಿ ಉತ್ತರವಿಲ್ಲ. ತತ್ತ್ವವುಳ್ಳವನು ಸಾಯುತ್ತಾನೆ, ತತ್ತ್ವವಿಲ್ಲದವನು ಅವನ ಸಾವಿಗೆ ಕಾರಣನಾಗುತ್ತಾನೆ.

ನಿರ್ದೇಶಕ ರಿಟ್‌ಗೆ ಈ ವಿಷಯ ಪುಸ್ತಕದಿಂದ ಬಂದುದಲ್ಲ. ೧೯೫೦ರ ದಶಕದ ಆದಿಯಲ್ಲಿ, ದೇಶನಿಷ್ಠೆಯ ಸಂಶಯದ ಮೇಲೆ ಅಮೆರಿಕದ ಟೆಲಿವಿಷನ್ನಿನವರು ಕಪ್ಪುಪಟ್ಟಿಗೆ ಸೇರಿಸಿ ಕೆಲಸ ತಪ್ಪಿಸಿದವರಲ್ಲಿ ಅವನೂ ಒಬ್ಬ. ಲೀಮಾಸನನ್ನು ಹಾಲೆಂಡಿನಲ್ಲಿ ಪ್ರಶ್ನಿಸುವ ಪೀಟರ್ಸನ ಪಾತ್ರ ವಹಿಸಿದ ಸ್ಯಾಮ್ ವಾನಮೇಕರ್ ಕೂಡ ಅದೇ ಗಾಳಿಗೆ ಸಿಕ್ಕಿ ಅಮೆರಿಕ ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸಿದವನು.

ದೋಷಗಳಿಲ್ಲವೆಂದಲ್ಲ. ಕಥೆಯ ನಡುಭಾಗದ ಪ್ರಶ್ನೋತ್ತರಗಳು ಬಹಳ ನಿಧಾನ. ಕಾದಂಬರಿಯನ್ನೋದದವರಿಗೆ ಎಳೆ ತಪ್ಪುವ ಸಂಭವವುಂಟು. ಕ್ಲೇರ್ ಬ್ಲೂಮ್ ಅಭಿನಯ ಎಷ್ಟು ನವಿರಾಗಿದ್ದರೂ ನ್ಯಾನಳ ರಾಜಕೀಯ ನಂಬಿಕೆಯನ್ನು ಎಳೆತನವೆಂಬಂತೆ ಚಿತ್ರಿಸಿರುವುದು ಅನ್ಯಾಯ. ಅವಳ ನಂಬಿಕೆಯಲ್ಲಿ ತಿರುಳಿದ್ದಿದ್ದರೆ ಅವಳ ಬಲಿ ಇನ್ನೂ ಭಾರವಾಗುತ್ತಿತ್ತು.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಲೀಮಾಸ್ ಕೆಳಗಿಳಿದುದೇಕೆ? ಹತಾಶೆಯಿಂದ ಎನ್ನುವುದು ಒಂದು ಉತ್ತರ. ನಮಗೆ ತೋರುವುದು ಬೇರೆ. ಆ ಗೋಡೆಯ ಮೇಲೆ ಅವನಿಗೆ ಮೊದಲ ಬಾರಿಗೆ ಎಲ್ಲವೂ ತಿಳಿದಿದೆ. ಯಾರೂ ಅವನಿಂದ ಏನನ್ನೂ ಮುಚ್ಚಿಟ್ಟಿಲ್ಲ. ಪೂರ್ಣವಾಗಿ ತಿಳಿದು ಅವನು ಮಾಡುವ ಮೊದಲನೆಯ ಕಾರ್ಯವೇ ಕೊನೆಯದೂ ಆಗುತ್ತದೆ. ಅದು ಪೂರ್ವದ ಪಕ್ಷಕ್ಕೆ ಸೇರುವುದಲ್ಲ. ಪಶ್ಚಿಮಕ್ಕೆ ದ್ರೋಹ ಬಗೆಯುವುದೂ ಅಲ್ಲ. ತನ್ನನ್ನು ನಂಬಿ ಬಂದವಳನ್ನು ಒಂಟಿಯಾಗಿ ಬಿಟ್ಟುಹೋಗೆನೆಂಬುದು. ದೇಶವೆಂಬುದು ಕೊನೆಗೆ ನಂಬಿದ ಮನುಷ್ಯರ ಕೂಟವಾದರೆ, ನಂಬಿದವರನ್ನು ಕೈಬಿಡದಿರುವುದೇ ದೇಶನಿಷ್ಠೆಯ ಮೊದಲ ಅಕ್ಷರವಲ್ಲವೆ? ಆ ಅಕ್ಷರವನ್ನು ಇಲಾಖೆ ಮರೆತಿತ್ತು; ಅದರ ಸೇವಕನಿಗೆ ನೆನಪಾಯಿತು.

ಗೋಡೆ ೧೯೮೯ರ ನವೆಂಬರ್ ೯ರಂದು ಬಾಯಿತೆರೆಯಿತು. ಲ ಕಾರೆಗೆ ಮಾತ್ರ ಈ ಕಥೆ ಮುಗಿದಿರಲಿಲ್ಲ. ೨೦೧೭ರಲ್ಲಿ, ಎಂಬತ್ತೈದರ ಮುಪ್ಪಿನಲ್ಲಿ, ‘ಎ ಲೆಗಸಿ ಆಫ್ ಸ್ಪೈಸ್’ ಎಂಬ ಕಾದಂಬರಿಯಲ್ಲಿ ಅವನು ಲೀಮಾಸನ ಮಗನನ್ನೂ ಲಿಜ್ ಗೋಲ್ಡಳ ಮಗಳನ್ನೂ ತಂದುನಿಲ್ಲಿಸಿ, ತಮ್ಮ ಹೆತ್ತವರ ಸಾವಿಗೆ ಇಲಾಖೆಯಿಂದ ಲೆಕ್ಕ ಕೇಳಿಸಿದನು. ೨೦೨೦ರ ಡಿಸೆಂಬರ್ ೧೨ರಂದು ಅವನು ತೀರಿಕೊಂಡನು. ಎರಡು ವಾರ ಕಳೆದು, ಅದೇ ತಿಂಗಳ ೨೬ರಂದು, ಮಾಸ್ಕೋದಲ್ಲಿ ಜಾರ್ಜ್ ಬ್ಲೇಕನೂ ತೀರಿಕೊಂಡನು. ದೇಶವನ್ನು ಮಾರಿದವನು ಪರದೇಶದಲ್ಲಿ ಸತ್ತದ್ದರಲ್ಲಿ ಆಶ್ಚರ್ಯವಿಲ್ಲ. ದೇಶವನ್ನು ಎಂದೂ ಮಾರದ ಲೇಖಕನ ವಿಷಯ ಅವನ ಮರ್ಯಾದೆಗೆ ತಕ್ಕಂತೆ ಸದ್ದಿಲ್ಲದೆ ಅನಂತರ ಹೊರಬಂದಿತು: ಐರೋಪ್ಯ ಒಕ್ಕೂಟವನ್ನು ಇಂಗ್ಲೆಂಡು ತೊರೆದುದರಿಂದ ಮನನೊಂದು, ಐರಿಷ್ ಅಜ್ಜಿಯ ಸಂಬಂಧ ಹಿಡಿದು, ಕೊನೆಗಾಲದಲ್ಲಿ ಅವನು ಐರ್ಲೆಂಡಿನ ಪೌರನಾಗಿದ್ದನೆಂದು ಮಗ ತಿಳಿಸಿದನು.

ಚಿತ್ರದ ಬರ್ಲಿನ್ ಗಡಿಠಾಣೆಯ ದೃಶ್ಯಗಳಿಗೆಂದು ಗೋಡೆ ಕಟ್ಟಿದ್ದು ನಿಜವಾದ ಬರ್ಲಿನ್ನಿನಲ್ಲಿ ಅಲ್ಲ; ಐರ್ಲೆಂಡಿನ ಡಬ್ಲಿನ್ ನಗರದ ಸ್ಮಿತ್‌ಫೀಲ್ಡ್ ಚೌಕದಲ್ಲಿ. ಐವತ್ತೈದು ವರ್ಷಗಳ ಬಳಿಕ ಅದೇ ನಾಡಿನ ಕಡೆಗೆ, ಯಾರೂ ಕೂಗಿ ಕರೆಯದೆ, ಆ ಮುದುಕನೂ ತನ್ನ ಗೋಡೆಯಿಂದ ಇಳಿದುಹೋದನು.